ದೇವರಿಗೆ ನಮ್ಮ ಹೊಗಳಿಕೆ ಯಾಕೆ ಬೇಕು?

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವಳು, ವಯಸ್ಸು 52. ಕಳೆದ ಅಕ್ಟೋಬರದಲ್ಲಿ ಯಜಮಾನರು ತೀರಿಕೊಂಡರು. ಚಿಕ್ಕಂದಿನಿಂದ ಇಗರ್ಜಿಯ ಗಾಯನ ಮಂಡಳಿಯಲ್ಲಿ ಹಾಡಿದವಳು ನಾನು. ಈಗ ಪೂಜೆಯಲ್ಲಿ ಗ್ಲೋರಿಯಾ ಅನ್ನುವ ಸ್ತುತಿಗೀತೆ ಶುರುವಾದರೆ ನಾಲಿಗೆ ಏಳುವುದಿಲ್ಲ. ವಾರದ ಪ್ರಾರ್ಥನಾ ಕೂಟದಲ್ಲಿ "ಎಲ್ಲದಕ್ಕೂ ಸ್ತೋತ್ರ ಹೇಳಿ, ಈ ಸಾವಿಗೂ ಹೇಳಿ, ಆಗ ಬಿಡುಗಡೆ ಸಿಗುತ್ತದೆ" ಅಂದರು. ಹೇಳಲು ಆಗಲಿಲ್ಲ. ನನ್ನ ವಿಶ್ವಾಸ ಕಡಿಮೆಯೇ? ಇನ್ನೊಂದು, ಮಗ ಕೇಳುತ್ತಾನೆ: "ದಿನಾ ಹೊಗಳಿಸಿಕೊಳ್ಳಬೇಕು ಅನ್ನುವ ದೇವರು ಎಂಥವನು, ಅಮ್ಮಾ?" ನನಗೆ ಉತ್ತರ ಹೊಳೆಯಲಿಲ್ಲ. ಬರುವ ತಿಂಗಳು ವರ್ಷದ ಪೂಜೆ. ಯಾವ ಹಾಡು ಇಡೋಣ ಅಂತ ಮಂಡಳಿಯವರು ಕೇಳುತ್ತಿದ್ದಾರೆ. ಏನು ಹೇಳಲಿ?

ಉತ್ತರ: ತಂಗೀ, ಮೊದಲು ಮಗನ ಪ್ರಶ್ನೆ ಎತ್ತಿಕೊಳ್ಳುತ್ತೇನೆ. ನಿಮ್ಮದು ಭಾರದ ಪ್ರಶ್ನೆ, ಅದಕ್ಕೆ ಆಮೇಲೆ ನಿಧಾನವಾಗಿ ಕೂರೋಣ.

ಹುಡುಗ ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಊರಿಗೆ ಮಂತ್ರಿ ಬಂದಾಗ ವೇದಿಕೆ ಮೇಲೆ ಏನು ನಡೆಯುತ್ತದೆ ಅಂತ ಅವನು ನೋಡಿದ್ದಾನೆ. ಅಭಿವೃದ್ಧಿಯ ಹರಿಕಾರ, ಬಡವರ ಬಂಧು. ಹೇಳುವವನಿಗೂ ಗೊತ್ತು, ಕೇಳಿಸಿಕೊಳ್ಳುವವನಿಗೂ ಗೊತ್ತು, ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಳ್ಳುವ ನಮಗಂತೂ ಗೊತ್ತೇ ಗೊತ್ತು. ದೇವರಿಗೂ ಇಂಥದ್ದೇ ಬೇಕಾ ಅಂತ ಅವನ ಪ್ರಶ್ನೆ.

ಇಂಥದ್ದಕ್ಕೆ ಕನ್ನಡದಲ್ಲಿ ಬೇರೆ ಹೆಸರೇ ಇದೆ, ಮುಖಸ್ತುತಿ ಅಂತ. ಮುಖ ನೋಡಿಕೊಂಡು ಹೇಳುವುದು. ಆ ಮುಖ ಆಚೆ ತಿರುಗಿದರೆ ಮಾತೂ ತಿರುಗುತ್ತದೆ. ಅದನ್ನೇ ಕಸುಬು ಮಾಡಿಕೊಂಡವನಿಗೆ ಹೊಗಳುಭಟ್ಟ ಅನ್ನುತ್ತೇವೆ. ಆದರೆ ನಮ್ಮಲ್ಲಿ ಕೊಂಡಾಡುವುದು ಅಂತ ಇನ್ನೊಂದು ಮಾತೂ ಇದೆ ನೋಡಿ. ಅಜ್ಜಿ ಮೊಮ್ಮಗನನ್ನು ಕೊಂಡಾಡುತ್ತಾಳೆ. ಅವನು ಮೊನ್ನೆ ತಾನೇ ಒಬ್ಬನೇ ತೆಂಗಿನಕಾಯಿ ಸುಲಿದ ಅಂತ ಕೇರಿಯ ನಾಲ್ಕು ಮನೆಗೆ ಹೋಗಿ ಹೇಳಿ ಬರುತ್ತಾಳೆ. ಅವಳಿಗೆ ಅದರಿಂದ ಏನು ಸಿಕ್ಕಿತು? ಚೂರೂ ಇಲ್ಲ. ಮೊಮ್ಮಗನಿಗೂ ಬೇಕಾಗಿರಲಿಲ್ಲ, ನಾಚಿಕೊಂಡು ಓಡಿಹೋದ. ಸಂತೋಷ ಬಾಯಲ್ಲಿ ನಿಲ್ಲಲಿಲ್ಲ, ಅಷ್ಟೇ. ಕನ್ನಡ ಬೈಬಲ್ಲಿನಲ್ಲಿ ಈ ಕೊಂಡಾಡು ಅನ್ನುವ ಮಾತು ಎಷ್ಟು ಕಡೆ ಬರುತ್ತದೆ ಅಂತ ಒಮ್ಮೆ ಕೀರ್ತನೆಗಳ ಪುಸ್ತಕ ತೆರೆದು ನೋಡಿ. ಅನುವಾದ ಮಾಡಿದವರಿಗೆ ಒಳ್ಳೆಯ ಕಿವಿ ಇತ್ತು.

ದೇವರಿಗೆ ನಮ್ಮ ಸ್ತುತಿ ಬೇಕಿಲ್ಲ ಅನ್ನುವುದು ಈಗಿನ ಹುಡುಗರ ತಕರಾರು ಮಾತ್ರ ಅಲ್ಲ. 50ನೇ ಕೀರ್ತನೆಯಲ್ಲಿ ದೇವರೇ ಹೇಳುತ್ತಾನೆ, ನನಗೆ ಹಸಿವಾದರೆ ನಿನಗೆ ಹೇಳುವುದಿಲ್ಲ, ಲೋಕವೆಲ್ಲ ನನ್ನದೇ ಅಂತ. ಎಷ್ಟು ನೇರ ಮಾತು! ಪೂಜೆಯಲ್ಲೂ ಇದೆ. ವಾರದ ದಿನಗಳಲ್ಲಿ ಕಾಣಿಕೆ ಆದ ಮೇಲೆ, "ಪವಿತ್ರ, ಪವಿತ್ರ" ಹಾಡುವ ಮೊದಲು ಫಾದರ್ ಒಂದು ಪೀಠಿಕೆ ಹೇಳುತ್ತಾರಲ್ಲ, ಅದರಲ್ಲಿ ಹಲವು ಬಗೆ. ಒಂದರ ತಾತ್ಪರ್ಯ ಹೀಗಿದೆ: ನಿನಗೆ ನಮ್ಮ ಸ್ತುತಿಯ ಅಗತ್ಯ ಇಲ್ಲ, ನಿನಗೆ ವಂದಿಸಬೇಕು ಅಂತ ನಮಗೆ ಅನ್ನಿಸುವುದೂ ನೀನು ಕೊಟ್ಟದ್ದೇ, ನಮ್ಮ ಹಾಡಿನಿಂದ ನಿನ್ನ ದೊಡ್ಡತನ ಹೆಚ್ಚುವುದಿಲ್ಲ, ನಮಗೆ ಮಾತ್ರ ಒಳ್ಳೆಯದಾಗುತ್ತದೆ. ಮಗನಿಗೆ ಇದನ್ನು ಹೇಳಿ. ಅವನ ತಕರಾರನ್ನು ಇಗರ್ಜಿ ಪೀಠದ ಮುಂದೆ ನಿಂತೇ ಒಪ್ಪಿಕೊಂಡಿದೆ.

ಹಾಗಾದರೆ ನಮಗೇನು ಒಳ್ಳೆಯದು? ಮೀನು ಮಾರ್ಕೆಟಿನಲ್ಲಿ ಹತ್ತು ನಿಮಿಷ ನಿಂತು ಕೇಳಿ. ಬಂಗಡೆ ಇಲ್ಲ, ಇದ್ದರೂ ರೇಟ್ ಇಲ್ಲ, ಡೀಸೆಲ್ ಜಾಸ್ತಿ ಆಯಿತು, ಜೂನ್ ಒಂದರಿಂದ ಬೋಟ್ ಬಂದ್. ಒಂದೂ ಸುಳ್ಳಲ್ಲ. ಆದರೆ ಮನೆಗೆ ಬಂದ ಮೇಲೂ ಅದೇ ರಾಗ ಮುಂದುವರಿದರೆ, ತಟ್ಟೆಯಲ್ಲಿ ಬಿಸಿ ಅನ್ನ, ಮೀನು ಸಾರು ಬಿದ್ದರೂ ಕಣ್ಣಿಗೆ ಕಾಣುವುದು ಉಪ್ಪು ಕಡಿಮೆ ಆದದ್ದು ಮಾತ್ರ. ಸ್ತುತಿ ಅನ್ನುವುದು ಕಣ್ಣಿಗೆ ಕೊಡುವ ಅಭ್ಯಾಸ. ಏನಿದೆಯೋ ಅದನ್ನೂ ನೋಡು ಅಂತ.

ಇಲ್ಲಿ ಗ್ಲೋರಿಯಾದ ಒಂದು ಸಾಲು ಹೇಳಲೇಬೇಕು. ನೀವು ನಲವತ್ತು ವರ್ಷ ಹಾಡಿದ್ದೀರಿ, ಆದರೂ ಗಮನಿಸಿರಲಿಕ್ಕಿಲ್ಲ. ನಾನೂ ಮಂಡಳಿ ನಡೆಸಲು ಶುರು ಮಾಡಿ ಹತ್ತು ವರ್ಷದ ತನಕ ಗಮನಿಸಿರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಆ ಸಾಲು, "ನಿನ್ನ ದೊಡ್ಡ ಮಹಿಮೆಗಾಗಿ ನಿನಗೆ ವಂದನೆ" ಅನ್ನುತ್ತದೆ. ನೀನು ಕೊಟ್ಟದ್ದಕ್ಕಾಗಿ ಅನ್ನುವುದಿಲ್ಲ. ಮಳೆ ಬೆಳೆ, ಆರೋಗ್ಯ, ಮಗನ ನೌಕರಿ ಯಾವುದರ ಹೆಸರೂ ಇಲ್ಲ. ನೀನು ನೀನಾಗಿದ್ದೀಯಲ್ಲ, ಅದಕ್ಕೇ ವಂದನೆ. ಉಪಕಾರ ನೆನೆಯುವವರು ಕೈಗೆ ಬಂದದ್ದನ್ನು ನೋಡುತ್ತಾರೆ, ಸ್ತುತಿ ಮಾಡುವವರು ಕೊಟ್ಟವನ ಮುಖ ನೋಡುತ್ತಾರೆ. ಎರಡೂ ಬೇಕು, ಆದರೆ ಎರಡೂ ಒಂದಲ್ಲ. ಯೇಸು ವಾಸಿಮಾಡಿದ ಹತ್ತು ಕುಷ್ಠರೋಗಿಗಳಲ್ಲಿ ಒಂಬತ್ತು ಮಂದಿ ಸೀದಾ ಹೋದರು. ಹತ್ತನೆಯವನು, ಅವನೂ ಪರಕೀಯ ಸಮಾರ್ಯದವನು, ತಿರುಗಿ ಬಂದ. ತನ್ನ ಚರ್ಮ ನೋಡಿಕೊಂಡು ಖುಷಿಪಡುವುದರಲ್ಲಿ ಒಂಬತ್ತು ಮಂದಿಯೂ ಹಿಂದೆ ಬಿದ್ದಿರಲಿಕ್ಕಿಲ್ಲ. ಕೊಟ್ಟವನನ್ನು ನೋಡಲು ಬಂದವನು ಅವನೊಬ್ಬನೇ.

ನಮ್ಮ ಕೊಂಕಣಿಯಲ್ಲಿ ಇವೆರಡೂ ಹೆಣೆದುಕೊಂಡೇ ಬರುತ್ತವೆ. ಯಾರಾದರೂ ಉಪಕಾರ ಮಾಡಿದರೆ ಹಿರಿಯರು "ದೇವ್ ಬರೆಂ ಕರುಂ" ಅನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ ಅಂತ. ನೀರಿನ ಕೊಡ ಎತ್ತಿಕೊಟ್ಟ ಹುಡುಗನಿಗೆ ಹೇಳುವ ಸಣ್ಣ ಮಾತಿನಲ್ಲೂ ದೇವರು ಬಂದು ನಿಲ್ಲುತ್ತಾನೆ. ಈಗಿನ ಮಕ್ಕಳು ಥ್ಯಾಂಕ್ಸ್ ಅಂದು ಮುಗಿಸುತ್ತಾರೆ. ಇರಲಿ, ಅದೂ ಕೆಟ್ಟದ್ದಲ್ಲ.

ಇನ್ನು ನಿಮ್ಮ ವಿಷಯ.

ನಿಮಗೆ ಕೂಟದಲ್ಲಿ ಹೇಳಿದ್ದು ತಪ್ಪು. ಹೇಳಿದವರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಮಾತು ತಪ್ಪು. ಬೈಬಲ್ಲಿನಲ್ಲಿ ಸಂತ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದಲ್ಲಿ ಹೇಳುವುದು ಎಲ್ಲದರಲ್ಲೂ ಕೃತಜ್ಞರಾಗಿರಿ ಅಂತ. ಎಲ್ಲದಕ್ಕೂ ಅಂತ ಅಲ್ಲ. 'ಅಲ್ಲಿ'ಗೂ 'ಕ್ಕೆ'ಗೂ ಎಷ್ಟು ದೂರ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಯಲ್ಲಿ ಹಾಡುವುದು ಬೇರೆ, ಮನೆ ಕೊಚ್ಚಿಕೊಂಡು ಹೋದ ಮಳೆಗೆ ಹಾಡು ಕಟ್ಟುವುದು ಬೇರೆ.

ಬೈಬಲ್ ಓದಿದವರು ಯಾರಾದರೂ ನಿಮ್ಮನ್ನು ತಡೆದು, ಎಫೆಸದವರಿಗೆ ಬರೆದ ಪತ್ರದಲ್ಲಿ "ಎಲ್ಲದಕ್ಕಾಗಿ" ಅಂತಲೇ ಇದೆಯಲ್ಲ ಅನ್ನಬಹುದು. ಇದೆ, ಐದನೆಯ ಅಧ್ಯಾಯ, 20ನೇ ವಚನ. ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಮಾತನ್ನು ಯೇಸು ಹೇಗೆ ಬದುಕಿ ತೋರಿಸಿದ ಅಂತಲೂ ನೋಡಬೇಕು, ಅಲ್ವಾ? ಗೆಳೆಯ ಲಾಜರ ಸತ್ತಾಗ ಸಮಾಧಿ ಹತ್ತಿರ ಅವನು ಅತ್ತ. ಆಮೇಲೆ ಕಣ್ಣೆತ್ತಿ "ತಂದೆಯೇ, ನಿನಗೆ ವಂದನೆ" ಅಂದ. ಯಾವುದಕ್ಕೆ ವಂದನೆ? ನನ್ನ ಮಾತು ನೀನು ಕೇಳಿದ್ದಕ್ಕೆ ಅಂದ. ಗೆಳೆಯ ಸತ್ತದ್ದಕ್ಕೆ ಅನ್ನಲಿಲ್ಲ. ಮೊದಲು ಅಳು, ಆಮೇಲೆ ವಂದನೆ, ಅದೂ ಸಾವಿಗಲ್ಲ.

2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯಲ್ಲಿದ್ದ ಜನರನ್ನು ಮಣ್ಣು ಗಂಗಾವಳಿ ನದಿಗೆ ತಳ್ಳಿತು. ಆ ವಾರದ ನಮ್ಮ ಕೂಟದಲ್ಲೂ ಒಬ್ಬರು "ಇದಕ್ಕೂ ಸ್ತೋತ್ರ" ಅಂದುಬಿಟ್ಟರು. ಹಿಂದಿನ ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ಹೋದರು. ಯಾರೂ ತಡೆಯಲಿಲ್ಲ. ಆ ದಿನ ಹಾಡು ಬಿಟ್ಟು 130ನೇ ಕೀರ್ತನೆ ಓದಿದೆವು, ಆಳದಿಂದ ನಿನ್ನನ್ನು ಕೂಗುತ್ತಿದ್ದೇನೆ ಅನ್ನುವುದು. ಹೊರಗೆ ಜಗಲಿಯಲ್ಲಿ ಕೂತ ಅಜ್ಜಿ ಕಿಟಕಿಯಿಂದಲೇ ದನಿ ಸೇರಿಸಿದರು.

ಕೀರ್ತನೆಗಳ ಪುಸ್ತಕಕ್ಕೆ ಹೀಬ್ರೂ ಭಾಷೆಯಲ್ಲಿ ತೆಹಿಲ್ಲೀಮ್ ಅಂತ ಹೆಸರು. ಸ್ತುತಿಗಳು ಅಂತಲೇ ಅರ್ಥ. ಆದರೆ 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಅಳು, ದೂರು, ಜಗಳ. ಎಲ್ಲಿಯವರೆಗೆ ನನ್ನನ್ನು ಮರೆತಿರುತ್ತೀ? ಯಾಕೆ ಮುಖ ಮುಚ್ಚಿಕೊಂಡಿದ್ದೀ? 88ನೆಯದನ್ನಂತೂ ಓದಿದರೆ ಎದೆ ಕಲಕುತ್ತದೆ. ಉಳಿದವುಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಬೆಳಕಿಗೆ ತಿರುಗುತ್ತವೆ. ಅದು ತಿರುಗುವುದೇ ಇಲ್ಲ, ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದನ್ನು ಸ್ತುತಿಗಳ ಪುಸ್ತಕದಿಂದ ಯಾರೂ ಕಿತ್ತುಹಾಕಲಿಲ್ಲ. ದಾಸರ ಪದ ಕೇಳಿ ಬೆಳೆದವರಿಗೆ ಇದು ತೀರಾ ಹೊಸದಲ್ಲ, ನಿಂದಾಸ್ತುತಿ ಅಂತ ನಮಗೆ ಗೊತ್ತು. ಆದರೆ ನಿಂದಾಸ್ತುತಿಯಲ್ಲಿ ಬೈಗುಳದ ಹಿಂದೆ ಒಂದು ನಗು ಇರುತ್ತದೆ, ಹಾಡುವವನು ದೇವರ ಜೊತೆ ಸಲಿಗೆಯ ಆಟ ಆಡುತ್ತಿರುತ್ತಾನೆ. 88ರಲ್ಲಿ ಆ ನಗುವೂ ಇಲ್ಲ. ಅಲ್ಲಿ ಉಳಿದಿರುವುದು ಒಂದೇ, ಕೂಗುವವನು ದೇವರನ್ನೇ ಕೂಗುತ್ತಿದ್ದಾನೆ, ಬೇರೆ ಯಾರನ್ನೂ ಅಲ್ಲ. ನೀವು ರಾತ್ರಿ ದಿಂಬಿಗೆ ಮುಖ ಒತ್ತಿಕೊಂಡು "ಯಾಕೆ ದೇವರೇ" ಅಂದಿದ್ದರೆ, ಅದು ಈ ಪುಸ್ತಕದ ಒಳಗೇ ಇದೆ. ವಿಶ್ವಾಸ ಕಡಿಮೆಯಾದವರು ದೇವರನ್ನು ಕೇಳುವುದನ್ನೇ ಬಿಡುತ್ತಾರೆ.

ಮತ್ತೆ, ಇಗರ್ಜಿಯೇ ವರ್ಷದಲ್ಲಿ ಎಷ್ಟು ದಿನ ಸುಮ್ಮನಿರುತ್ತದೆ ನೋಡಿ. ಈಸ್ಟರ್ ಮುಂಚಿನ ತಪಸ್ಸು ಕಾಲ ಪೂರ್ತಿ ಅಲ್ಲೆಲೂಯ ಅನ್ನುವ ಸ್ತುತಿಯ ಕೂಗು ಇಲ್ಲ. ಬೂದಿ ಬುಧವಾರ ನಿಂತರೆ ಮತ್ತೆ ಕೇಳುವುದು ಪಾಸ್ಖ, ಅಂದರೆ ಈಸ್ಟರ್ ಜಾಗರಣೆಯ ರಾತ್ರಿ. ಆ ಕಾಲದ ಭಾನುವಾರಗಳಲ್ಲಿ ಗ್ಲೋರಿಯಾ ಇಲ್ಲ, ಕ್ರಿಸ್ಮಸ್ ಮುಂಚಿನ ಆಗಮನ ಕಾಲದ ಭಾನುವಾರಗಳಲ್ಲೂ ಇಲ್ಲ. ಅಂತ್ಯಕ್ರಿಯೆಯ ಪೂಜೆಯಲ್ಲೂ ಗ್ಲೋರಿಯಾ ಹಾಡುವುದಿಲ್ಲ. ಇಡೀ ಸಭೆಗೆ ಬಾಯಿ ಮುಚ್ಚಿಕೊಳ್ಳುವ ಹಕ್ಕು ಇದ್ದ ಮೇಲೆ ನಿಮಗೆ ಇರಬಾರದಾ?

ಹೊಗಳಿದರೆ ಬಿಡುಗಡೆ ಸಿಗುತ್ತದೆ ಅನ್ನುವ ಮಾತಿನ ಬಗ್ಗೆಯೂ ಎರಡು ಮಾತು. ಇದಕ್ಕೆ ಎಲ್ಲರೂ ತೋರಿಸುವುದು ಪೌಲ ಮತ್ತು ಸೀಲರ ಕಥೆ. ಫಿಲಿಪ್ಪಿಯ ಸೆರೆಮನೆ, ಕಾಲಿಗೆ ಕೋಳ, ಬೆನ್ನ ಮೇಲೆ ಏಟಿನ ಗಾಯ, ನಡುರಾತ್ರಿ ಹಾಡು, ಭೂಕಂಪ, ಬಾಗಿಲು ತೆರೆಯಿತು. ಹಾಡಿದರು, ತೆರೆಯಿತು ಅಂತ ಸ್ವಿಚ್ ಒತ್ತಿದ ಹಾಗೆ ಬೋಧನೆ ಮಾಡುತ್ತಾರೆ. ಆದರೆ ಹಾಡುವಾಗ ಅವರಿಗೆ ಭೂಕಂಪದ ಸುದ್ದಿ ಗೊತ್ತಿರಲಿಲ್ಲ. ಬಾಗಿಲು ತೆರೆದ ಮೇಲೂ ಅವರು ಓಡಿಹೋಗಲಿಲ್ಲ, ಅಲ್ಲೇ ಇದ್ದರು. ಓಡಿದ್ದರೆ ಕಾವಲುಗಾರ ಕತ್ತಿಯಿಂದ ತಿವಿದುಕೊಂಡು ಸಾಯುತ್ತಿದ್ದ. ಈ ಭಾಗವನ್ನು ಯಾಕೋ ಯಾರೂ ಜಾಸ್ತಿ ಹೇಳುವುದಿಲ್ಲ. ಬಿಡುಗಡೆಗಾಗಿ ಹಾಡಿದವರಾಗಿದ್ದರೆ ಬಾಗಿಲು ತೆರೆದ ಕೂಡಲೇ ಹೊರಗಿರುತ್ತಿದ್ದರು.

ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಬೇರೆಯೇ. ಕೆಲವು ವರ್ಷಗಳ ಹಿಂದೆ, ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆ, ನೊವೆನಾ. ಸೆಪ್ಟೆಂಬರ್ ಮೊದಲ ವಾರ, ಮಳೆ ಇನ್ನೂ ಬಿಟ್ಟಿರಲಿಲ್ಲ. ಮಕ್ಕಳೆಲ್ಲ ತಟ್ಟೆಯಲ್ಲಿ ಹೂ ಹಿಡಿದು ಸಾಲಾಗಿ ನಿಂತಿದ್ದರು. ಶಿಲುಬೆ ಹತ್ತಿರ ಲದಿನ್, ಅಂದರೆ ಮರಿಯಮ್ಮನ ನಾಮಾವಳಿಯ ಪ್ರಾರ್ಥನೆ, ಹಾಡಲು ಗುಮಟೆ ತಂದಿದ್ದರು. ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು, ಈಗ ಕಾನೂನು ಬಿಡುವುದಿಲ್ಲ, ಆಡಿನದು. ತಂಡಿಗೆ ಚರ್ಮ ಸಡಿಲಾಗಿತ್ತು. ಒಬ್ಬ ಹುಡುಗ ಅವಸರದಲ್ಲಿ ಎರಡು ಸಲ ಬಡಿದ, ಒದ್ದೆ ಚಾಪೆ ಬಡಿದ ಹಾಗೆ ಡಬ್ ಡಬ್ ಅಂದಿತು. ನುಡಿಸುವ ಅಜ್ಜ ಅವನ ಕೈ ಹಿಡಿದರು. "ಬಡಿಬೇಡ ಮಾರಾಯ. ಅದಕ್ಕೆ ತಂಡಿ ಆಗಿದೆ." ಬಚ್ಚಲ ಒಲೆಯಿಂದ ಒಂದಿಷ್ಟು ಕೆಂಡ ತರಿಸಿ, ಗುಮಟೆಯನ್ನು ಅಂಗೈಯಲ್ಲಿ ಹಿಡಿದು, ಕೆಂಡದ ಮೇಲೆ ದೂರದಿಂದಲೇ ತಿರುಗಿಸುತ್ತಾ ಕೂತರು. ಆಗಾಗ ಹೆಬ್ಬೆರಳಿನಿಂದ ಚರ್ಮ ಮುಟ್ಟಿ ನೋಡುವರು. ಹದಿನೈದು ನಿಮಿಷ ಆಯಿತು. ನಾವು ಅಷ್ಟರಲ್ಲಿ ಗುಮಟೆ ಇಲ್ಲದೆಯೇ ಶುರು ಮಾಡಿಬಿಟ್ಟಿದ್ದೆವು. ಅಜ್ಜ ಅವಸರ ಮಾಡಲಿಲ್ಲ. ನಡುವೆ, "ಪ್ರಭಾತ ನಕ್ಷತ್ರವೇ" ಅನ್ನುವ ಹೊತ್ತಿಗೆ, ಮೆಲ್ಲಗೆ ಸೇರಿಕೊಂಡರು.

ಹೋದ ಭಾನುವಾರ ಗ್ಲೋರಿಯಾ ಹಾಡುವಾಗ ನೀವು ಬಾಯಿ ಮುಚ್ಚಿಕೊಂಡು ನಿಂತಿದ್ದರೆ, ಅಕ್ಕಪಕ್ಕದವರು ನಿಮ್ಮ ಪಾಲಿನದ್ದನ್ನೂ ಹಾಡಿದ್ದಾರೆ ಅಂತ ತಿಳಿಯಿರಿ. ಸಭೆ ಕೂಡುವುದೇ ಅದಕ್ಕೆ. ನಾಡಿದ್ದು ಅವರ ಮನೆಯಲ್ಲಿ ಕತ್ತಲಾದಾಗ ನೀವು ಹಾಡುತ್ತೀರಿ.

ಮನೆಯಲ್ಲಿ ದಿನಾ ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಮಗನಿಗೂ ಆದೀತು. ಉದ್ದದ ಪ್ರಾರ್ಥನೆ ಬೇಡ. ಇಗರ್ಜಿಯ ದಿನದ ಪ್ರಾರ್ಥನೆಯಲ್ಲಿ ಬೆಳಿಗ್ಗೆ ಜಕರೀಯನ ಗೀತೆ, ಸಂಜೆ ಮರಿಯಳ ಗೀತೆ. ಎರಡೂ ಲೂಕನ ಮೊದಲ ಅಧ್ಯಾಯದಲ್ಲೇ ಇವೆ, ಓದಲು ಒಂದೊಂದಕ್ಕೂ ಎರಡು ನಿಮಿಷ ಸಾಕು. ಅಂದ ಹಾಗೆ ಆ ಜಕರೀಯನೂ ತಿಂಗಳುಗಟ್ಟಲೆ ಮೂಕನಾಗಿದ್ದವನು. ನಾಲಿಗೆ ಸಡಿಲವಾದ ಕೂಡಲೇ ಬಂದದ್ದು ಸ್ತುತಿ. ಅವನದು ಸಂಶಯಕ್ಕೆ ಬಂದ ಮೌನ, ನಿಮ್ಮದು ದುಃಖದ್ದು. ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸುತ್ತೇನೆ.

ಅದೂ ಆಗದಿದ್ದರೆ ಕಣ್ಣಿಗೆ ಕಂಡ ಒಂದೇ ಒಂದು ವಸ್ತುವಿನ ಹೆಸರು ಹೇಳಿ. ಅಸಿಸಿಯ ಫ್ರಾನ್ಸಿಸ್ ಸೂರ್ಯ, ಚಂದ್ರ, ಗಾಳಿ, ನೀರು, ಬೆಂಕಿಗಳನ್ನು ಅಣ್ಣ ಅಕ್ಕ ಅಂತ ಕರೆದು ದೇವರನ್ನು ಸ್ತುತಿಸಿದ ಗೀತೆ ಕಟ್ಟಿದ್ದು 1225ರ ಸುಮಾರಿಗೆ. ಆಗ ಅವನಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು, ಬೆಳಕು ಬಿದ್ದರೆ ನೋವು. ಆ ಸ್ಥಿತಿಯಲ್ಲಿ ಸೂರ್ಯನ ಹೆಸರು ಮೊದಲು ಹೇಳಿದ. ನಿಮಗೆ ಕಾಳಿ ನದಿ ಹತ್ತಿರವೇ ಇದೆ. ಬೆಳಿಗ್ಗೆ ಬಾಗಿಲು ತೆರೆದಾಗ "ಈ ಹೊಳೆ ಚಂದ ಇದೆ, ದೇವರೇ" ಅನ್ನಿ. ಸುಮ್ನೆ ಅಷ್ಟೇ. ಅದರಲ್ಲಿ ಸುಳ್ಳಿಲ್ಲ. ಸಾವಿಗೆ ಸ್ತೋತ್ರ ಹೇಳಿದರೆ ನಿಮ್ಮ ಬಾಯಿ ಸುಳ್ಳು ಹೇಳುತ್ತಿತ್ತು, ಅದಕ್ಕೇ ಅದು ಏಳಲಿಲ್ಲ ಅಂತ ನನ್ನ ಅಂದಾಜು.

ಬಾಯಿಯ ಮಾತು ಬಂತಲ್ಲ, ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಒಂದು ಪಾಸ್ಖ ಹಬ್ಬದಲ್ಲಿ ಗ್ಲೋರಿಯಾ ಚೆನ್ನಾಗಿ ಏರಿತ್ತು. ಎರಡನೇ ಸಾಲಿನಲ್ಲಿ ಒಂದು ಹುಡುಗಿ ಶ್ರುತಿ ತಪ್ಪಿದಳು. ಪೂಜೆ ಮುಗಿದು ಮೆಟ್ಟಿಲು ಇಳಿಯುವಾಗಲೇ, ಎಲ್ಲರ ಎದುರಿಗೆ, "ನಿನ್ನಿಂದ ಹಬ್ಬ ಹಾಳಾಯಿತು" ಅಂದುಬಿಟ್ಟೆ. ಅವಳು ಮತ್ತೆ ಮಂಡಳಿಗೆ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ, ಚಹಾ ಕೊಟ್ಟಳು, ಆದರೂ ಬರಲಿಲ್ಲ. ಒಂದೇ ಬಾಯಿಂದ ದೇವರ ಸ್ತುತಿ, ಅದೇ ಬಾಯಿಂದ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರಿಗೆ ಶಾಪ, ಇದು ಹೀಗಿರಬಾರದು ಅಂತ ಯಾಕೋಬ ಬರೆದದ್ದು ನನಗಾಗಿಯೇ. ಆಮೋಸ ಪ್ರವಾದಿ ಇನ್ನೂ ಕಟು: ನಿಮ್ಮ ಹಾಡಿನ ಗದ್ದಲ ನನ್ನಿಂದ ಆಚೆ ತೆಗೆಯಿರಿ, ನ್ಯಾಯ ಹೊಳೆಯಂತೆ ಹರಿಯಲಿ. ಹಸಿದವರ ಹೊಟ್ಟೆ ತುಂಬಿಸಿದ ಅಂತ ಮರಿಯಳ ಗೀತೆ ಹಾಡಿ ಬಂದು, ತೋಟದ ಆಳಿನ ಅರ್ಧ ದಿನದ ಕೂಲಿ ಕಡಿಯುವವರನ್ನು ನಾನೂ ನೀವೂ ನೋಡಿದ್ದೇವೆ. ಅಂಥವರಿಗಿಂತ ನಾಲಿಗೆ ಏಳದೆ ನಿಂತವರು ಎಷ್ಟೋ ವಾಸಿ.

ಈಗ ವರ್ಷದ ಪೂಜೆ. ಇದು ಲೆಕ್ಕದ ವಿಷಯ, ಸರಿಯಾಗಿ ಕೇಳಿಕೊಳ್ಳಿ. ಅಕ್ಟೋಬರದ ಭಾನುವಾರ ಇಟ್ಟರೆ ಅದು ಭಾನುವಾರದ ಪೂಜೆಯೇ ಆಗುತ್ತದೆ, ಯಜಮಾನರ ಹೆಸರು ಉದ್ದೇಶದಲ್ಲಿ ಮಾತ್ರ ಬರುತ್ತದೆ, ಗ್ಲೋರಿಯಾ ಇರುತ್ತದೆ. ವಾರದ ದಿನ ಇಟ್ಟು, ಸತ್ತವರಿಗಾಗಿ ಇರುವ ಪೂಜೆಯನ್ನೇ ಅರ್ಪಿಸಲು ಆಗುತ್ತದೆಯೇ ಅಂತ ಫಾದರನ್ನು ಕೇಳಿ. ಅದರಲ್ಲಿ ಗ್ಲೋರಿಯಾ ಇಲ್ಲ. ನೆಂಟರಿಗೆ ಭಾನುವಾರ ಅನುಕೂಲ ಅಂತ ಮನೆಯಲ್ಲಿ ಒತ್ತಾಯ ಬರಬಹುದು. ಈ ಸಲ ನಿಮ್ಮ ಅನುಕೂಲ ನೋಡಿ. ವಾಚನದ ನಂತರ 130ನೇ ಕೀರ್ತನೆ ಇಡಬಹುದು, 23 ಆದರೂ ಸರಿ. ಪರಮಪ್ರಸಾದದ ಹೊತ್ತಿಗೆ ಯಜಮಾನರು ಮನೆಯಲ್ಲಿ ಗುನುಗುತ್ತಿದ್ದ ಭಕ್ತಿಗೀತೆ ಯಾವುದಾದರೂ ಇದ್ದರೆ ಮಂಡಳಿಗೆ ಹೇಳಿ, ರಾಗ ಗೊತ್ತಿಲ್ಲದಿದ್ದರೆ ಫೋನಿನಲ್ಲಿ ಹಾಡಿ ಕಳಿಸಿ. ಅಷ್ಟು ಹಾಡಲು ಆಗದಿದ್ದರೆ ಮಗನ ಕೈಲಿ ಹಾಡಿಸಿ. ಅವನಿಗೆ ಅಪ್ಪನ ರಾಗ ಗೊತ್ತಿರುತ್ತದೆ.